ಖರಾಬು ಬಂಡೆಯ ಮೇಲೊಂದು ಹೂವಿನ ಪ್ರದರ್ಶನ

ನಮ್ಮ ಕಡೆ ಬಂಡೆಗೆ ಇರುವುದು ಎರಡೇ ಕೆಲಸ. ಸುಗ್ಗಿ ಕಾಲದಲ್ಲಿ ಅದರ ಮೇಲೆ ರಾಗಿ, ಹುಣಸೆಹಣ್ಣು ಒಣಗಿಸುವುದು. ಇಲ್ಲದಿದ್ದರೆ ಒಡೆದು ಜಲ್ಲಿ ಮಾಡುವುದು. ಪಹಣಿ ತೆಗೆಸಿ ನೋಡಿ, ಬಂಡೆ ಇರುವ ಜಾಗದ ಮುಂದೆ ಸಾಮಾನ್ಯವಾಗಿ ಒಂದೇ ಪದ ಇರುತ್ತದೆ: ಖರಾಬು. ಉಳಲು ಬಾರದ್ದು, ಬಿತ್ತಲು ಬಾರದ್ದು, ಕಂದಾಯ ಹಾಕಲು ಬಾರದ್ದು ಎಂದು ಅರ್ಥ.

ಹೋದ ಮಳೆಗಾಲದಲ್ಲಿ ಅಂಥ ಒಂದು ಖರಾಬು ಬಂಡೆಯ ಮೇಲೆ ನಾವು ಐದು ಜನ ಸೇರಿ ಹೂವಿನ ಪ್ರದರ್ಶನ ಮಾಡಿದೆವು. ಬಂಗಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಪೆಂಡಾಲ್ ಇಲ್ಲ, ಮೈಕ್ ಇಲ್ಲ, ಒಂದು ಪಾಟ್ ಕೂಡ ಇಲ್ಲ. ಇದೇನು ಹುಚ್ಚು ಎಂದು ಕೇಳಿದವರಿಗೆಲ್ಲ ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಕಥೆ ಇಂಗ್ಲೆಂಡಿನಿಂದ ಶುರುವಾಗುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ನಮ್ಮಲ್ಲಿ ಒಬ್ಬಳ ಅಕ್ಕ ಇಂಗ್ಲೆಂಡಿನಲ್ಲಿ ನರ್ಸ್. ಏಪ್ರಿಲ್ ತಿಂಗಳಲ್ಲಿ ಒಂದು ದಿನ ವಾಟ್ಸಾಪಿಗೆ ವಿಡಿಯೊ ಕಳಿಸಿದಳು. ಅಲ್ಲಿ ಆಗ ವಸಂತ. ಒಂದು ಶಾಲೆಯ ಹಾಲ್. ಉದ್ದಕ್ಕೆ ಟೇಬಲ್ ಜೋಡಿಸಿ ಕಪ್ಪು ಬಟ್ಟೆ ಹಾಸಿದ್ದಾರೆ. ಮೇಲೆ ಮಣ್ಣಿನ ಕುಂಡಗಳು. ಒಂದೊಂದು ಕುಂಡದಲ್ಲಿ ಒಂದೊಂದು ಪುಟ್ಟ ಗಿಡ. ಪುಟ್ಟದು ಅಂದರೆ ಕೆಲವು ಹೆಬ್ಬೆರಳಿನಷ್ಟು, ಕೆಲವು ಅಂಗೈಯಷ್ಟು. ಒಂದಂತೂ ಮುದ್ದೆ ಕಟ್ಟಿಟ್ಟ ಹಾಗೆ ದುಂಡಗಿದೆ, ಅದರ ಮೈ ತುಂಬ ಹಳದಿ ಹೂ, ಒಂದು ಎಲೆ ಕೂಡ ಕಾಣುವುದಿಲ್ಲ. ವಯಸ್ಸಾದ ಜನ ಕೈ ಹಿಂದೆ ಕಟ್ಟಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಸೊಂಟ ಬಗ್ಗಿಸಿ ಒಂದೇ ಗಿಡವನ್ನು ನಿಮಿಷಗಟ್ಟಲೆ ನೋಡುತ್ತಿದ್ದಾರೆ. ಯಾರೂ ಜೋರಾಗಿ ಮಾತಾಡುತ್ತಿಲ್ಲ. "ಇವರು ಹೀಗೇ ಕಣೇ, ಗುಡಿಯಲ್ಲಿ ನಿಂತ ಹಾಗೆ ನಿಲ್ಲುತ್ತಾರೆ" ಎಂದು ಅಕ್ಕ ಪಿಸುಗುಟ್ಟುವುದು ವಿಡಿಯೊದಲ್ಲಿ ಕೇಳಿಸುತ್ತದೆ.

ಅವು ಆಲ್ಪೈನ್ ಗಿಡಗಳು. ಯುರೋಪಿನ ಆಲ್ಪ್ಸ್ ಪರ್ವತದಿಂದ ಬಂದ ಹೆಸರು. ಆದರೆ ಹಿಮಾಲಯವಾಗಲಿ, ಇರಾನಿನ ಬೆಟ್ಟಗಳಾಗಲಿ, ಮರ ಬೆಳೆಯಲಾರದಷ್ಟು ಎತ್ತರದಲ್ಲಿ ಬೆಳೆಯುವ ಗಿಡಕ್ಕೆಲ್ಲ ಹಾಗೇ ಅನ್ನುತ್ತಾರೆ. ಅಲ್ಲಿ ಗಾಳಿ ಜೋರು, ಮಣ್ಣು ಕಡಿಮೆ, ವರ್ಷದಲ್ಲಿ ಹೆಚ್ಚು ಕಾಲ ಹಿಮ. ಬೆಳೆಯಲು, ಹೂ ಬಿಡಲು, ಬೀಜ ಕಟ್ಟಲು ಸಿಗುವುದು ಎರಡು ಮೂರು ತಿಂಗಳು. ಅದಕ್ಕೇ ಗಿಡ ತಲೆ ಎತ್ತುವುದಿಲ್ಲ, ನೆಲಕ್ಕೆ ಅಂಟಿಕೊಂಡು ಗಾಳಿಯಿಂದ ತಪ್ಪಿಸಿಕೊಳ್ಳುತ್ತದೆ. ಬೇರು ಮಾತ್ರ ಕಲ್ಲಿನ ಸಂದಿಯಲ್ಲಿ ಬಹಳ ಆಳಕ್ಕೆ ಹೋಗಿರುತ್ತದೆ. ಕೆಲವಕ್ಕೆ ಮೈ ತುಂಬ ಬಿಳಿ ರೋಮ, ಕಂಬಳಿ ಹೊದ್ದ ಹಾಗೆ.

ಇವನ್ನು ಊರಿನಲ್ಲಿ ಬೆಳೆಸುವುದು ಸುಲಭವಲ್ಲ. ಇರಾನ್ ಕಡೆಯ ಕಡಿದಾದ ಕಲ್ಲುಗಳಲ್ಲಿ ಬೆಳೆಯುವ ಡಯೊನೀಸಿಯಾ ಎಂಬ ಗಿಡವಿದೆ, ಆ ಮುದ್ದೆಯಂಥದ್ದು. ಮೇಲೆ ನೀರು ನಿಂತರೆ ಕೊಳೆಯುತ್ತದೆ. ಅದಕ್ಕೆ ಗಾಜಿನ ಮಾಡಿನ ಕೆಳಗೆ ಇಟ್ಟು, ಮಣ್ಣಿನ ಕುಂಡವನ್ನು ಮರಳಿನಲ್ಲಿ ಹೂತು, ಸುತ್ತಲಿನ ಮರಳಿಗೆ ಮಾತ್ರ ನೀರು ಹಾಕುತ್ತಾರೆ. ಕುಂಡವೇ ತೇವ ಹೀರಿಕೊಂಡು ಬೇರಿಗೆ ಕೊಡಬೇಕು. ಹೀಗೆ ವರ್ಷಗಟ್ಟಲೆ ಸಾಕಿ, ಪ್ರದರ್ಶನದ ಹಿಂದಿನ ದಿನ ಚಿಮುಟದಲ್ಲಿ ಒಣ ಹೂ ಕಿತ್ತು, ಕುಂಡ ತೊಳೆದು, ಮಣ್ಣಿನ ಮೇಲೆ ಸಣ್ಣ ಕಲ್ಲು ಹರಡಿ, ಹೆಸರಿನ ಚೀಟಿ ಇಟ್ಟು, ಕಾರಿನಲ್ಲಿ ಮಗುವನ್ನು ಕೂರಿಸಿದ ಹಾಗೆ ಕೂರಿಸಿಕೊಂಡು ಬರುತ್ತಾರೆ. ಕುಂಡದ ಅಗಲಕ್ಕೂ ನಿಯಮ ಇದೆ, ಸಣ್ಣ ವಿಭಾಗಕ್ಕೆ 19 ಸೆಂಟಿಮೀಟರ್, ದೊಡ್ಡ ವಿಭಾಗಕ್ಕೆ 36. ಇಂಥ ಪ್ರದರ್ಶನಗಳನ್ನು ನಡೆಸುವ ಆಲ್ಪೈನ್ ಗಾರ್ಡನ್ ಸೊಸೈಟಿ 1929ರಲ್ಲಿ ಹುಟ್ಟಿದ್ದು. ಎಲ್ಲಕ್ಕಿಂತ ಚೆನ್ನಾದ ಗಿಡಕ್ಕೆ ಫ್ಯಾರರ್ ಮೆಡಲ್. ರೆಜಿನಾಲ್ಡ್ ಫ್ಯಾರರ್ ಎಂಬಾತ ಕಲ್ಲಿನ ತೋಟದ ಬಗ್ಗೆ ಪುಸ್ತಕ ಬರೆದು ಹೆಸರು ಮಾಡಿದವನು, 1920ರಲ್ಲಿ ಬರ್ಮಾದ ಬೆಟ್ಟಗಳಲ್ಲಿ ಗಿಡ ಹುಡುಕುತ್ತಿದ್ದಾಗಲೇ ತೀರಿಕೊಂಡ.

ಆ ಫ್ಯಾರರ್ ಹುಟ್ಟಿದ್ದು 1880ರಲ್ಲಿ. ಜಾನ್ ಟೇಲರ್ ಕಂಪನಿ ಚಿನ್ನಕ್ಕೆಂದು ನಮ್ಮ ಕೋಲಾರದ ನೆಲಕ್ಕೆ ಬಂದದ್ದೂ ಅದೇ ವರ್ಷ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ನಮಗೆ ತಮಾಷೆ ಅನ್ನಿಸಿತು, ಅಷ್ಟೇ. ಆದರೆ ಕೆಜಿಎಫ್‌ಗೆ ಬಂದ ಆ ದೊರೆಗಳೂ ಹೂವಿನ ಹುಚ್ಚಿನವರೇ. ಬಂಗಲೆ, ಕ್ಲಬ್ಬು, ಕೈತೋಟ ಕಟ್ಟಿಕೊಂಡು ಆ ಜಾಗಕ್ಕೆ 'ಲಿಟಲ್ ಇಂಗ್ಲೆಂಡ್' ಎಂದು ಹೆಸರು ಬರುವ ಹಾಗೆ ಮಾಡಿದರು. ಬೇತಮಂಗಲದ ಕೆರೆಯಿಂದ ನೀರು ತಂದರು. ಚಾಂಪಿಯನ್ ರೀಫ್‌ನಲ್ಲಿ ಕೊನೆಗೆ ನೆಲದೊಳಕ್ಕೆ 3 ಕಿಲೋಮೀಟರಿಗೂ ಹೆಚ್ಚು ಆಳ ಹೋದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೆ ಎಲ್ಲರ ಕಣ್ಣೂ ಬಂಡೆಯ ಒಳಗಡೆಗೇ ಇತ್ತು. ಬಂಡೆಯ ಮೇಲೆ ಏನಿದೆ ಎಂದು ನೋಡಲು ಯಾರಿಗೆ ಪುರುಸೊತ್ತು?

ವಿಡಿಯೊವನ್ನು ನಾವು ಮೊದಲು ತೋರಿಸಿದ್ದು ಮೈಸೂರು ಮೈನ್ಸ್ ಕಡೆ ಲೈನ್ ಮನೆಯಲ್ಲಿರುವ ಒಬ್ಬ ಪಾಟಿಗೆ. ನಮ್ಮಲ್ಲೊಬ್ಬನ ಅಜ್ಜಿಯ ಗೆಳತಿ, ಹಾಗಾಗಿ ನಮಗೆಲ್ಲ ಪಾಟಿ. ಗಂಡ ಭೂಮಿಯ ಕೆಳಗೆ ಕೆಲಸ ಮಾಡಿ ಧೂಳಿನ ಕೆಮ್ಮಿನಲ್ಲಿ ಹೋದರು. ಲೈನ್ ಮನೆ ಅಂದರೆ ಗೊತ್ತಲ್ಲ, ಬಾಗಿಲು ತೆರೆದರೆ ಬೀದಿ. ಅಂಗಳವಿಲ್ಲ. ಪಾಟಿ ಗೋಡೆಯ ಪಕ್ಕ ಎರಡು ಸಾಲು ಡಬ್ಬಿ ಇಟ್ಟಿದ್ದಾರೆ: ಹಳೆ ಡಾಲ್ಡಾ ಡಬ್ಬಿ, ಪೇಂಟ್ ಡಬ್ಬಿ, ತಳ ಒಡೆದ ಬಕೆಟ್. ಒಂದರಲ್ಲಿ ಲೋಳೆಸರ. ಒಂದರಲ್ಲಿ ಚಟ್ನಿಗೆ ಬೇಕಾಗುವ ಮಂಗರವಳ್ಳಿ, ಅವರ ಬಾಯಲ್ಲಿ ಪಿರಂಡೈ. ಉಳಿದದ್ದೆಲ್ಲ ಟೇಬಲ್ ರೋಸ್, ಬಿಸಿಲು ಏರಿದ ಮೇಲೆ ಅರಳುವುದಕ್ಕೆ ಹತ್ತು ಗಂಟೆ ಹೂ ಅನ್ನುತ್ತಾರಲ್ಲ, ಅದು. ಕೆಂಪು, ಹಳದಿ, ಕೇಸರಿ, ಬಿಳಿ. ಬೆಳಿಗ್ಗೆ ಹತ್ತೂವರೆಗೆ ಆ ಬೀದಿಯಲ್ಲಿ ಆ ಗೋಡೆ ಒಂದೇ ಬೆಳಗುತ್ತದೆ.

ವಿಡಿಯೊ ನೋಡಿದ ಪಾಟಿ ಹೂವಿನ ಬಗ್ಗೆ ಏನೂ ಹೇಳಲಿಲ್ಲ. ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಮಣ್ಣಿನ ಮೇಲೆ ಜಲ್ಲಿ ಹಾಕಿದಾರೆ ನೋಡು ಕಣ್ಣು. ಇದು ಕಲ್ಲಿನ ಗಿಡ. ನೀರು ನಿಂತರೆ ಸತ್ತೋಗುತ್ತೆ" ಅಂದರು. ತಮ್ಮ ಡಬ್ಬಿಯೊಂದನ್ನು ವಾಲಿಸಿ ತೋರಿಸಿದರು. ತಳಕ್ಕೆ ತೂತು, ಮೇಲೆ ಇಟ್ಟಿಗೆ ಚೂರು, ಅದರ ಮೇಲೆ ಸ್ವಲ್ಪವೇ ಮಣ್ಣು. ಸೈನೈಡ್ ಗುಡ್ಡದ ಮರಳು ಹತ್ತಿರದಲ್ಲೇ ರಾಶಿ ಬಿದ್ದಿದೆಯಲ್ಲ, ಅದನ್ನು ಬಳಸಬಹುದಲ್ಲ ಎಂದು ನಮ್ಮವನೊಬ್ಬ ಕೇಳಿದ್ದಕ್ಕೆ ಪಾಟಿ ಅವನನ್ನು ನೋಡಿದ ನೋಟ ಇನ್ನೂ ನೆನಪಿದೆ. ಚಿನ್ನ ತೆಗೆದ ಮೇಲೆ ಉಳಿದ ಆ ಪುಡಿ ಬೇಸಿಗೆಯ ಗಾಳಿಗೆ ಎದ್ದು ಅವರ ಅನ್ನದ ತಟ್ಟೆಗೆ ಬೀಳುತ್ತದೆ. ಅದರಲ್ಲಿ ಗಿಡ ಹಾಕುವ ಮಾತು ಅವರ ಹತ್ತಿರ ಆಡಬಾರದು.

ಪಾಟಿ ಆಡಿದ 'ಕಲ್ಲಿನ ಗಿಡ' ಎಂಬ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಕರ್ನಾಟಕದಲ್ಲಿ ಆಲ್ಪೈನ್ ಎತ್ತರ ಎಲ್ಲೂ ಇಲ್ಲ. ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ. ಆದರೆ ನಮ್ಮ ಬೋಳು ಬಂಡೆಯ ಮೇಲಿನ ಬದುಕು ಆ ಬೆಟ್ಟದ ಬದುಕಿನ ಹಾಗೇ. ಅಲ್ಲಿ ಹಿಮ, ಇಲ್ಲಿ ಬಿಸಿಲು. ಅಲ್ಲೂ ಮಣ್ಣು ಬೆರಳ ಗಾತ್ರ, ಇಲ್ಲೂ ಅಷ್ಟೇ. ಅಲ್ಲೂ ಬದುಕಲು ಮೂರು ತಿಂಗಳು, ಇಲ್ಲೂ ಮಳೆ ಬಿದ್ದ ಮೇಲಿನ ಮೂರು ನಾಲ್ಕು ತಿಂಗಳು. ಯುಗಾದಿಯ ಹೊತ್ತಿಗೆ ನಮ್ಮ ಬಂಡೆಯ ಮೇಲೆ ಬರಿಗಾಲಿನಲ್ಲಿ ನಿಲ್ಲಲಾಗುವುದಿಲ್ಲ. ಪಂಚಾಂಗದ ವಸಂತ ಮಾವಿನ ಮರಕ್ಕೆ ಸರಿ, ಹೊಂಗೆ ಮರಕ್ಕೆ ಸರಿ. ಬಂಡೆಗೆ ವಸಂತ ಬರುವುದು ಆಷಾಢ ಶ್ರಾವಣದಲ್ಲಿ.

ಹಾಗಾಗಿ ಆಗಸ್ಟ್‌ನಲ್ಲಿ ಲಾಲ್‌ಬಾಗಿನ ಸ್ವಾತಂತ್ರ್ಯೋತ್ಸವ ಫಲಪುಷ್ಪ ಪ್ರದರ್ಶನಕ್ಕೆ ಹೋದೆವು. ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹಿಡಿದರೆ ಲಾಲ್‌ಬಾಗ್ ನಿಲ್ದಾಣ. ಜನವರಿ ಮತ್ತು ಆಗಸ್ಟ್, ವರ್ಷಕ್ಕೆ ಎರಡು ಸಲ ನಡೆಯುವ ಜಾತ್ರೆ ಅದು, ಇನ್ನೂರು ಪ್ರದರ್ಶನ ದಾಟಿದೆ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯಲ್ಲಿ ಲಕ್ಷಗಟ್ಟಲೆ ಹೂ ಚುಚ್ಚಿ ಮಾಡಿದ ದೊಡ್ಡ ಆಕೃತಿ, ಸುತ್ತ ಜನ, ಎಲ್ಲರ ಕೈ ಮೇಲೆ, ಕೈಯಲ್ಲಿ ಮೊಬೈಲ್. ಚೆನ್ನಾಗಿತ್ತು, ಚೆನ್ನಾಗಿಲ್ಲ ಅನ್ನುವುದಿಲ್ಲ. ಊಟಿ ಕಡೆಯ ತಂಪಿನಲ್ಲಿ ಬೆಳೆದ ಹೂಗಳು, ಬೋನ್ಸಾಯ್, ತರಕಾರಿ ಕೆತ್ತನೆ ಎಲ್ಲ ಇದ್ದವು. ಆದರೆ ಅಲ್ಲಿ ಹೂ ನೋಡಲು ಆಗುವುದಿಲ್ಲ, ಹೂ ದಾಟಿ ಹೋಗಬೇಕು. ಹಿಂದಿನವರು ತಳ್ಳುತ್ತಿರುತ್ತಾರೆ.

ಹೊರಗೆ ಬಂದು ಲಾಲ್‌ಬಾಗಿನ ಬಂಡೆ ಹತ್ತಿದೆವು. ಮೇಲೆ ಕೆಂಪೇಗೌಡರ ಗೋಪುರ ಇದೆಯಲ್ಲ, ಅದೇ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದ್ದಾರೆ. ಜನ ಗೋಪುರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾವು ಕೂತ ಕಡೆ, ಕಲ್ಲಿನ ಒಂದು ಬಿರುಕಿನಲ್ಲಿ, ಉಗುರಿನಷ್ಟು ನೇರಳೆ ಹೂಗಳು ಅರಳಿದ್ದವು. ಟಿಕೆಟ್ ಕೊಟ್ಟು ಒಳಗೆ ಬಂದವರಲ್ಲಿ ಅದನ್ನು ನೋಡಿದವರು ನಾವು ಐದು ಜನ ಮಾತ್ರ ಎಂದು ಹೇಳಲಾರೆವು. ಆದರೆ ನಾವು ಇದ್ದ ಒಂದು ಗಂಟೆಯಲ್ಲಿ ಬೇರೆ ಯಾರೂ ಬಗ್ಗಲಿಲ್ಲ.

1760ರಲ್ಲಿ ಈ ತೋಟ ಶುರು ಮಾಡಿದ ಹೈದರ್ ಅಲಿ ಹುಟ್ಟಿದ್ದು ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಎನ್ನುತ್ತಾರೆ. ಬೂದಿಕೋಟೆಗೆ ಹೋದವರಿಗೆ ಗೊತ್ತು, ಕಲ್ಲುಗುಡ್ಡದ ಊರು.

ವಾಪಸ್ ಬರುವಾಗ ರೈಲಿನ ಕಿಟಕಿಯಲ್ಲಿ ಟೇಕಲ್ ಬಂಡೆಗಳು ಬಂದವು. ಆಗ ನಮ್ಮಲ್ಲೊಬ್ಬಳು ವಿಷಯ ಎತ್ತಿದಳು. ಅವಳ ಊರಿನ ಬಂಡೆಗೆ ಸುಣ್ಣದ ಗುರುತು ಬಿದ್ದಿದೆ, ಕ್ವಾರಿಗೆ ಕೊಡುತ್ತಾರಂತೆ ಎಂದು ಊರೆಲ್ಲ ಮಾತು. ಪಕ್ಕದ ಊರಿನ ಬಂಡೆ ಆಗಲೇ ಇಲ್ಲ. ಅದು ಇದ್ದ ಜಾಗದಲ್ಲಿ ಈಗ ಹಸಿರು ನೀರು ನಿಂತ ಗುಂಡಿ, ಸುತ್ತ ಬೇಲಿಯೂ ಇಲ್ಲ. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ನಮ್ಮಲ್ಲೊಬ್ಬನ ಅಪ್ಪ ಕಲ್ಲು ಒಡೆದೇ ಅವನನ್ನು ಓದಿಸಿದ್ದು. ನಮ್ಮ ಮನೆಗಳ ತಳಪಾಯ, ಹೊಸ್ತಿಲು, ಒರಳು ಎಲ್ಲ ಬಂಡೆಯಿಂದಲೇ ಬಂದದ್ದು. ಕಲ್ಲು ಒಡೆಯುವವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಸುತ್ತಿಗೆ, ಉಳಿ ಹಿಡಿದು ಮೂರು ತಲೆಮಾರು ತೆಗೆದಷ್ಟು ಕಲ್ಲನ್ನು ಈಗಿನ ಯಂತ್ರ ತೆಗೆಯಲು ಎಷ್ಟು ದಿನ ಬೇಕು ಎಂದು ಆ ಅಪ್ಪನೇ ಕೇಳುತ್ತಾರೆ. 'ಅಲ್ಲಿ ಏನೂ ಇಲ್ಲ, ಖರಾಬು' ಎಂದು ಕಾಗದ ಹೇಳುತ್ತದೆ. ಏನೂ ಇಲ್ಲ ಎಂಬುದು ನಿಜವೋ ಸುಳ್ಳೋ ಎಂದಾದರೂ ಊರು ಒಮ್ಮೆ ನೋಡಬಾರದೇ?

ಅದಕ್ಕೇ ಪ್ರದರ್ಶನ. ಆಗಸ್ಟ್ ಕೊನೆಯ ಒಂದು ಭಾನುವಾರ, ಬೆಳಿಗ್ಗೆ. ನಿಯಮ ಒಂದೇ: ಗಿಡ ಕೀಳುವ ಹಾಗಿಲ್ಲ. ಬಂಡೆಯೇ ಕುಂಡ. ಶಾಲೆಯ ಮಕ್ಕಳಿಗೆ ಹಳೆ ಮದುವೆ ಕಾರ್ಡು ಕತ್ತರಿಸಿ ಕೊಟ್ಟೆವು. ಗಿಡ ಕಂಡ ಕಡೆ ಹೆಸರು ಬರೆದು, ಪಕ್ಕದಲ್ಲಿ ಇಟ್ಟು, ಮೇಲೊಂದು ಕಲ್ಲು ಹೇರಬೇಕು. ಹೆಸರು ಗೊತ್ತಿಲ್ಲದಿದ್ದರೆ ದೊಡ್ಡವರನ್ನು ಕೇಳಬೇಕು. ಅವರಿಗೂ ಗೊತ್ತಿಲ್ಲದಿದ್ದರೆ ಕಂಡದ್ದನ್ನು ಬರೆಯಬೇಕು.

ಮೊದಲು ಬಂದವರು ನಕ್ಕರು. "ಏನ್ರಪ್ಪಾ, ಮೇಕೆ ಮೇಯೋ ಸೊಪ್ಪಿಗೆಲ್ಲ ಚೀಟಿ ಇಡ್ತಾ ಇದೀರಾ?" ಎಂದರು ಒಬ್ಬರು. ಇಟ್ಟೆವು. ಮೊದಲ ಚೀಟಿ ಬಂಡೆಯ ಮೇಲಿನ ಬೂದು ಬಣ್ಣದ ಚಕ್ಕೆಗೆ. ಅದು ಗಿಡವೇ ಅಲ್ಲ ಎಂದು ವಾದ ಆಯಿತು. ಪಾಚಿ ಮತ್ತು ಶಿಲೀಂಧ್ರ ಎರಡೂ ಸೇರಿ ಸಂಸಾರ ಮಾಡುವ ಜೀವ ಅದು, ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟ. ಬಂಡೆಯ ಮೇಲೆ ಮೊದಲು ಮನೆ ಮಾಡುವುದು ಇದೇ. ಆಮೇಲೆ ಹಾವಸೆ, ಆಮೇಲೆ ಗಾಳಿ ತಂದ ಧೂಳು ದೊಣೆಯಲ್ಲಿ ಕೂತು ಒಂದು ಬೆರಳು ಮಣ್ಣು, ಆಮೇಲೆ ಹುಲ್ಲು, ಹೂ. ಆ ಒಂದು ಬೆರಳು ಮಣ್ಣಿಗೆ ಎಷ್ಟೋ ತಲೆಮಾರು ಹಿಡಿಯುತ್ತದೆ.

ಕಲ್ಲಿನ ಸಂದಿಯಲ್ಲಿ ಬೀಸಣಿಗೆಯ ಹಾಗೆ ಹರಡಿದ ಗೇಣುದ್ದವೂ ಇಲ್ಲದ ಜರಿಗಿಡ, ನಾಟಿ ಔಷಧಿ ಕೊಡುವವರು ಮಯೂರಶಿಖೆ ಅನ್ನುವುದು ಇದಕ್ಕೆ. ನವಿಲಿನ ಜುಟ್ಟಿನ ಹಾಗೇ ಇದೆ. ಜಾತ್ರೆಗಳಲ್ಲಿ ಒಣ ಉಂಡೆಯನ್ನು ನೀರಿಗೆ ಹಾಕಿ 'ಸಂಜೀವಿನಿ, ಸತ್ತದ್ದು ಬದುಕಿತು' ಎಂದು ಮಾರುತ್ತಾರಲ್ಲ, ಅದೂ ಬಂಡೆಯ ಮೇಲಿನದೇ, ಜರಿಗಿಡದ ದೂರದ ಸಂಬಂಧಿ. ಅದು ಸತ್ತಿರುವುದಿಲ್ಲ, ಬೇಸಿಗೆಯಲ್ಲಿ ಮುದುಡಿ ಮಲಗಿರುತ್ತದೆ. ಮಾರಲೆಂದು ಕಿತ್ತ ಮೇಲೆ ಮಾತ್ರ ಸಾವಿನ ದಾರಿ.

ನೀರು ಜಿನುಗುವ ಒಂದು ಇಳಿಜಾರಿನಲ್ಲಿ ನಾಲ್ಕನೇ ಕ್ಲಾಸಿನ ಹುಡುಗಿ ಕೂಗಿದಳು. ನೆಲಕ್ಕೆ ಅಂಟಿದ ಕೆಂಪು ಬಿಲ್ಲೆಗಳು, ರೂಪಾಯಿ ನಾಣ್ಯದಷ್ಟು ಅಗಲ. ಎಲೆಯ ತುಂಬ ರೋಮ, ರೋಮದ ತುದಿಯಲ್ಲಿ ಇಬ್ಬನಿಯ ಹಾಗೆ ಹನಿ. ಮುಟ್ಟಿದರೆ ಅಂಟು. ಒಂದರಲ್ಲಿ ಸಣ್ಣ ಸೊಳ್ಳೆ ಸಿಕ್ಕಿಕೊಂಡಿತ್ತು. ಪುಸ್ತಕದಲ್ಲಿ ಡ್ರಾಸೆರಾ ಎಂದು ಓದಿದ ಕೀಟ ತಿನ್ನುವ ಗಿಡ. ಮಣ್ಣಿನಲ್ಲಿ ಸಾರವಿಲ್ಲದ್ದಕ್ಕೆ ಹುಳ ಹಿಡಿದು ಹೊಟ್ಟೆ ಹೊರೆಯುತ್ತದೆ. ಊರಿನಲ್ಲಿ ಯಾರಿಗೂ ಹೆಸರು ತಿಳಿಯದು. ಹುಡುಗಿ ಯೋಚಿಸಿ 'ಅಂಟುಗಿಡ' ಎಂದು ಬರೆದಿಟ್ಟಳು. ಆಮೇಲೆ ಅರ್ಧ ಗಂಟೆ ಅಲ್ಲಿಂದ ಜನ ಕದಲಲಿಲ್ಲ. ಬಗ್ಗಿ, ಮಂಡಿ ಊರಿ, ಒಬ್ಬರಂತೂ ಪೂರ್ತಿ ಮಲಗಿಕೊಂಡೇ ನೋಡಿದರು. ಸೊಳ್ಳೆಯ ಮೇಲೆ ಎಲೆ ಮಡಚಿಕೊಳ್ಳುವುದನ್ನು ಕಾಯುತ್ತಾ ಕೂತವರ ಮುಖ ವಿಡಿಯೊದ ಆ ಜನರ ಮುಖದ ಹಾಗೇ ಇತ್ತು.

ತೀರ್ಪುಗಾರರಾಗಿ ಮೇಕೆ ಕಾಯುವ ತಾತನನ್ನು ಕರೆದಿದ್ದೆವು. ಎಪ್ಪತ್ತು ದಾಟಿದವರು, ಮನೆಮಾತು ತೆಲುಗು. ಯಾವ ಮಳೆಗೆ ಯಾವ ಗಿಡ ಏಳುತ್ತದೆ, ಯಾವುದನ್ನು ಮೇಕೆ ಮುಟ್ಟುವುದಿಲ್ಲ ಎಂದು ವರಸೆಯಾಗಿ ಹೇಳುತ್ತಾ ನಡೆದರು. ಅಂದು ಮಕ್ಕಳು ಬರೆದ ಚೀಟಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರು ತಾತನವು. ಮೊದಲ ಬಹುಮಾನ, ಅಂದರೆ ಒಂದು ಕೆಂಪು ರಿಬ್ಬನ್, ನೇರಳೆ ಹೂವಿಗೋ ಅಂಟುಗಿಡಕ್ಕೋ ಹೋಗುತ್ತದೆ ಎಂದುಕೊಂಡಿದ್ದೆವು. ತಾತ ಬಂಡೆಯ ಅಂಚಿನ ಮುಳ್ಳುಪೊದೆಯ ಬುಡಕ್ಕೆ ಹೋಗಿ ಕೋಲಿನಲ್ಲಿ ತೋರಿಸಿದರು. ಎಲೆಯಿಲ್ಲದ, ನಾಲ್ಕು ಮೂಲೆಯ ಹಸಿರು ಕಡ್ಡಿಗಳು. ಕಡ್ಡಿಗೆ ಅಂಟಿಕೊಂಡು ನಕ್ಷತ್ರದ ಆಕಾರದ ಕಂದು ಹೂ, ಮೂಗು ಹತ್ತಿರ ಒಯ್ದರೆ ಕೊಳೆತ ವಾಸನೆ, ಸುತ್ತ ನೊಣ. ಆ ನೊಣಗಳೇ ಅದರ ಪರಾಗ ಹೊರುವುದು.

"ಕುಂದೇಟಿಕೊಮ್ಮು. ಮೊಲದ ಕೊಂಬು ಅಂತ. ಬರ ಬಂದಾಗ ನಮ್ಮಮ್ಮ ಇದನ್ನ ಉಪ್ಪು ಹುಣಸೆಹಣ್ಣು ಹಾಕಿ ಕೊಡ್ತಾ ಇದ್ದಳು. ಕುರಿ ಹಿಂದೆ ಹೋದಾಗ ಹಸೀದೇ ಕಡಿಯೋದು, ಹಸಿವು ಆಗಲ್ಲ. ರಿಬ್ಬನ್ ಇದಕ್ಕೇ ಕಟ್ಟಿ" ಅಂದರು.

ಕಟ್ಟಿದೆವು. ವಾಸನೆಗೆ ಮೂಗು ಮುಚ್ಚಿಕೊಂಡೇ ಮಕ್ಕಳು ಚಪ್ಪಾಳೆ ಹೊಡೆದರು.

ಅಷ್ಟಕ್ಕೇ ಬಿಟ್ಟರೆ ಒಂದು ಭಾನುವಾರದ ತಮಾಷೆ. ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಎಂಬುದೊಂದಿದೆ. ಅದರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಿಳಿವಳಿಕೆ ಎಲ್ಲವನ್ನೂ ಜನರಿಂದ ಕೇಳಿ ಒಂದು ದಾಖಲಾತಿಯಲ್ಲಿ ಬರೆಯಬೇಕು. ನಿಮ್ಮ ಪಂಚಾಯಿತಿಯಲ್ಲೂ ಅದು ಎಲ್ಲೋ ಬೀರುವಿನಲ್ಲಿ ಇರಬಹುದು, ಕೇಳಿ ನೋಡಿ. ದಾಖಲಾತಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕ್ವಾರಿ ನಿಲ್ಲುತ್ತದೆ ಎಂದು ನಾವು ಹೇಳುತ್ತಿಲ್ಲ. ಆದರೆ ನಾಳೆ ಗ್ರಾಮಸಭೆಯಲ್ಲಿ 'ಅಲ್ಲಿ ಏನೂ ಇಲ್ಲ' ಎಂದು ಯಾರಾದರೂ ಅಂದಾಗ ತೆರೆದು ತೋರಿಸಲು ಒಂದು ಪುಟ ಇರುತ್ತದೆ.

ಮದುವೆ ಕಾರ್ಡಿನ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಪಂಚಾಯಿತಿಗೆ ಹೋದೆವು. ಸ್ಥಳೀಯ ಹೆಸರು, ಸಿಗುವ ಜಾಗ, ಕಾಲ, ಉಪಯೋಗ ಎಂದು ಒಂದೊಂದೇ ಬರೆದೆವು. ಕುಂದೇಟಿಕೊಮ್ಮಿನ ಮುಂದೆ 'ಬರಗಾಲದ ಆಹಾರ' ಎಂದು ಬಂತು. ಅಂಟುಗಿಡದ ಉಪಯೋಗ ಏನು ಎಂದು ಅಲ್ಲಿದ್ದವರು ಕೇಳಿದಾಗ, ಜೊತೆಗೆ ಬಂದಿದ್ದ ಹುಡುಗಿ "ನೋಡಕ್ಕೆ" ಅಂದಳು. ಅದನ್ನೇ ಬರೆದರು.

ಬಂಡೆ ಈಗಲೂ ಇದೆ, ಸುಣ್ಣದ ಗುರುತೂ ಇದೆ. ಗ್ರಾಮಸಭೆಗೆ ಅರ್ಜಿ ಕೊಟ್ಟಾಗಿದೆ, ತಾತನ ಹೆಬ್ಬೆಟ್ಟು ಮೊದಲನೆಯದು. ಈ ವರ್ಷ ಮೊದಲ ಮಳೆ ಬಿದ್ದು ಆರು ವಾರಕ್ಕೆ ಮತ್ತೆ ಪ್ರದರ್ಶನ ಮಾಡುತ್ತೇವೆ. ಪಾಟಿ ಕೂಡ ಬರುತ್ತೇನೆ ಅಂದಿದ್ದಾರೆ, ಆಟೋ ಮಾಡಬೇಕು.

ನಿಮ್ಮ ಊರಿನಲ್ಲೂ ಬಂಡೆ ಇದ್ದರೆ ಬೆಳಿಗ್ಗೆ ಹತ್ತರ ಒಳಗೆ ಹೋಗಿ. ನೀರು ಜಿನುಗುವ ಕಡೆ, ದೊಣೆಯ ಅಂಚು, ಬಿರುಕು, ಈ ಮೂರು ಜಾಗ ನೋಡಿ. ಹಾವಸೆಯ ಮೇಲೆ ಕಾಲಿಡಬೇಡಿ, ಜಾರುತ್ತದೆ, ಗಿಡವೂ ಸಾಯುತ್ತದೆ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಅಳತೆ ತಿಳಿಯುತ್ತದೆ. ಊರಿನಲ್ಲಿ ಅದಕ್ಕೆ ಏನನ್ನುತ್ತಾರೆ ಎಂದು ಒಬ್ಬ ಹಿರಿಯರನ್ನಾದರೂ ಕೇಳಿ, ಹೆಸರಿನ ಜೊತೆ ನಮಗೂ ಕಳಿಸಿ.